ಎಂಟು ತಿಂಗಳು ಬಳಸಿ ನೋಡಿದ ಹಿತ್ತಾಳೆಯ ಧೂಪದಾನಿ

ನಮ್ಮ ಕಥೋಲಿಕ ಧರ್ಮಕೇಂದ್ರಕ್ಕೆಂದು (ಚರ್ಚಿಗೆಂದು) ಕೊಂಡ ಹಿತ್ತಾಳೆಯ ಧೂಪದಾನಿಯನ್ನು ಎಂಟು ತಿಂಗಳಿಂದ ಪ್ರತಿ ಭಾನುವಾರದ ಬಲಿಪೂಜೆಯಲ್ಲಿ, ಅಂದರೆ ರೊಟ್ಟಿ ದ್ರಾಕ್ಷಾರಸಗಳನ್ನು ಅರ್ಪಿಸುವ ಆರಾಧನೆಯಲ್ಲಿ, ಬಳಸುತ್ತಿದ್ದೇವೆ. ಪೂಜಾ ಸಾಮಗ್ರಿಗಳ ಕೋಣೆಯ ಹೊಣೆ ನನ್ನದಾದ್ದರಿಂದ ಅದಕ್ಕೆ ಇದ್ದಿಲು ಹೊತ್ತಿಸುವುದು, ಬೂದಿ ತೆಗೆಯುವುದು, ತಿಕ್ಕಿ ತೊಳೆಯುವುದು ಎಲ್ಲವೂ ನನ್ನ ಕೈಯಿಂದಲೇ ಆಗುತ್ತದೆ. ಇಂಥದನ್ನು ಕೊಳ್ಳುವ ಯೋಚನೆಯಲ್ಲಿರುವ ಬೇರೆ ಧರ್ಮಕೇಂದ್ರದವರಿಗೆ ನನ್ನ ಅನುಭವ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ.

ಇದಕ್ಕೆ ನಾಲ್ಕು ಸರಪಳಿಗಳಿವೆ. ಮೂರು ಬಟ್ಟಲನ್ನು ಹೊರುತ್ತವೆ, ನಾಲ್ಕನೆಯದು ಮುಚ್ಚಳವನ್ನು ಮೇಲೆತ್ತುತ್ತದೆ. ಹಿಂದೆ ನಮ್ಮಲ್ಲಿದ್ದದ್ದು ತೆಳು ತಗಡಿನದು, ಬೀಸಿದಾಗ ಹೊಯ್ದಾಡಿ ಸರಪಳಿಗೆ ಬಡಿದು ಸದ್ದು ಮಾಡುತ್ತಿತ್ತು. ಇದರ ತಳ ಭಾರವಾಗಿರುವುದರಿಂದ ಎಡಗೈಯಲ್ಲಿ ಸರಪಳಿಗಳ ತುದಿಯನ್ನು ಎದೆಯ ಮಟ್ಟದಲ್ಲಿ ಹಿಡಿದು, ಬಲಗೈಯಲ್ಲಿ ಬಟ್ಟಲಿನ ಸ್ವಲ್ಪ ಮೇಲೆ ಹಿಡಿದರೆ ಹೇಳಿದ ಮಾತು ಕೇಳುತ್ತದೆ. ಒಂದು ದೊಡ್ಡ ದೋಷವನ್ನು ಮಾತ್ರ ಹೇಳಲೇಬೇಕು. ಹೊಳಪಿಗಾಗಿ ಬಳಿದಿದ್ದ ವಾರ್ನಿಷ್ ಮೊದಲ ದಿನದ ಬಿಸಿಗೇ ಸುಟ್ಟು, ಯೇಸುವಿನ ಜೀವನವನ್ನು ಹೇಳುವ ಶುಭಸಂದೇಶ ಗ್ರಂಥದ ಮೆರವಣಿಗೆಯಲ್ಲಿ ದೇವಾಲಯದ ತುಂಬ ಕಮಟು ವಾಸನೆ ಹರಡಿತು. ಮಾರಿದವರು ಮೊದಲೇ ಎಚ್ಚರಿಸಬೇಕಿತ್ತು. ನೀವು ಕೊಂಡರೆ ಒಮ್ಮೆ ಹೊರಗೆ, ಬಯಲಿನಲ್ಲಿ, ಬರಿಯ ಇದ್ದಿಲು ಹಾಕಿ ಕಾಯಿಸಿ ಆಮೇಲೆ ಒಳಗೆ ತನ್ನಿ.

ನಾನು ಹೆಚ್ಚು ಹೇಳಬೇಕಾದದ್ದು ಇದರ ನಿಧಾನದ ಬಗ್ಗೆ. ಇದ್ದಿಲ ಬಿಲ್ಲೆಯನ್ನು ಚಿಮಟದಲ್ಲಿ ಹಿಡಿದು ಅಂಚಿಗೆ ಬೆಂಕಿ ತಾಗಿಸಿದರೆ ಕಿಡಿಗಳು ಚಟಚಟನೆ ಮೈಮೇಲೆಲ್ಲ ಹರಿದು ಹೋಗುತ್ತವೆ, ಆದರೆ ಅದು ಬೂದುಬಣ್ಣಕ್ಕೆ ತಿರುಗುವವರೆಗೆ ಕೆಲವು ನಿಮಿಷ ಕಾಯಲೇಬೇಕು. ಅವಸರಪಟ್ಟು ಧೂಪದ ಹರಳು ಹಾಕಿದರೆ ಮಸಿಯ ವಾಸನೆ ಬರುತ್ತದೆ, ಹೆಚ್ಚು ಹಾಕಿದರೆ ಇದ್ದಿಲೇ ಉಸಿರುಗಟ್ಟಿ ಆರುತ್ತದೆ. ಪೂಜೆಗೆ ಎರಡು ನಿಮಿಷ ಇರುವಾಗ ಓಡಿಬಂದು ನಿಲುವಂಗಿ ತೊಟ್ಟುಕೊಳ್ಳುತ್ತಿದ್ದ ನಮ್ಮ ಪೀಠಬಾಲಕರು (ಪೂಜೆಯಲ್ಲಿ ಗುರುಗಳಿಗೆ ನೆರವಾಗುವ ಹುಡುಗರು) ಈಗ ಇಪ್ಪತ್ತು ನಿಮಿಷ ಮೊದಲೇ ಬಂದು ಕೆಂಡದ ಸುತ್ತ ಮಾತಿಲ್ಲದೆ ನಿಲ್ಲುತ್ತಾರೆ. ಪೂಜೆ ಆರಂಭವಾಗುವ ಮುನ್ನವೇ ದೇವಾಲಯದಲ್ಲೂ ಪೂಜಾ ಸಾಮಗ್ರಿಗಳ ಕೋಣೆಯಲ್ಲೂ ಮೌನವಿರುವುದು ಒಳ್ಳೆಯದೆಂದು ಬಲಿಪೂಜೆಯ ವಿಧಿಗಳನ್ನು ವಿವರಿಸುವ ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನದ 45ನೆಯ ಪರಿಚ್ಛೇದ ಹೇಳುತ್ತದೆ. ನಾನು ವರ್ಷಗಟ್ಟಲೆ ಗೋಡೆಗೆ ಚೀಟಿ ಅಂಟಿಸಿದರೂ ಆಗದ್ದನ್ನು ಒಂದು ಬಿಲ್ಲೆ ಇದ್ದಿಲು ಮಾಡಿಸಿತು.

ಅದೇ ನಿರ್ದೇಶನದ 277ನೆಯ ಪರಿಚ್ಛೇದದಲ್ಲಿ ಒಂದು ಸಣ್ಣ ಮಾತಿದೆ. ಗುರುಗಳು ಧೂಪವನ್ನು ಕೆಂಡದ ಮೇಲೆ ಹಾಕಿ, ಏನನ್ನೂ ಉಚ್ಚರಿಸದೆ, ಶಿಲುಬೆಯ ಗುರುತಿನಿಂದ ಅದನ್ನು ಆಶೀರ್ವದಿಸಬೇಕು. ಪ್ರತಿಯೊಂದು ಗೀತೆಗೂ, ವಾಚನಕ್ಕೂ, ಎದ್ದು ನಿಲ್ಲುವುದಕ್ಕೂ ಮೈಕಿನಲ್ಲಿ ಸೂಚನೆ ಕೊಡುವ ಅಭ್ಯಾಸ ಬೆಳೆದಿರುವ ಇಂದಿನ ಆರಾಧನೆಯಲ್ಲಿ ಈ ಮಾತಿಲ್ಲದ ಗಳಿಗೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಚಮಚದಿಂದ ಹರಳುಗಳು ಬೀಳುತ್ತವೆ, ಒಂದು ಕ್ಷಣ ಏನೂ ಆಗುವುದಿಲ್ಲ, ಆಮೇಲೆ ಅವು ಕರಗಿ ಕುದಿದು ಬಿಳಿಯ ಎಳೆಯೊಂದು ನೆಟ್ಟಗೆ ಮೇಲೇಳುತ್ತದೆ. ಆ ಒಂದು ಕ್ಷಣದಲ್ಲಿ ಮುಂದಿನ ಸಾಲುಗಳಲ್ಲಿ ಕೂತ ಮಕ್ಕಳು ಕೂಡ ಅಲುಗದೆ ನೋಡುವುದನ್ನು ನಾನು ಕಂಡಿದ್ದೇನೆ. ತನ್ನ ಪ್ರಾರ್ಥನೆ ಧೂಪದಂತೆ ದೇವರ ಸನ್ನಿಧಿಗೇರಲಿ ಎಂದು ಬೈಬಲಿನ 141ನೆಯ ಕೀರ್ತನೆಯಲ್ಲಿ ಬೇಡಿದವನು ಕಂಡದ್ದೂ ಇದನ್ನೇ ಇರಬೇಕು.

ಬೀಸುವುದಕ್ಕೂ ಲೆಕ್ಕವಿದೆ. ಪರಮಪ್ರಸಾದ (ಕ್ರಿಸ್ತನ ಶರೀರವೆಂದು ನಂಬುವ ರೊಟ್ಟಿ), ಕಾಣಿಕೆಗಳು, ಬಲಿಪೀಠದ ಶಿಲುಬೆ, ಶುಭಸಂದೇಶದ ಗ್ರಂಥ, ಪಾಸ್ಖ ದೀಪ (ಈಸ್ಟರ್ ಹಬ್ಬದ ದೊಡ್ಡ ಮೇಣದಬತ್ತಿ), ಗುರುಗಳು ಮತ್ತು ಸಭೆ ಇವುಗಳಿಗೆ ಮೂರು ಸಲ, ಗೌರವಕ್ಕಾಗಿ ಇಟ್ಟ ಸಂತರ ಅವಶೇಷ ಮತ್ತು ಪ್ರತಿಮೆಗಳಿಗೆ ಎರಡು ಸಲ. ಸಭೆಯೂ ಈ ಪಟ್ಟಿಯಲ್ಲಿರುವುದು ನಮ್ಮವರಲ್ಲಿ ಹಲವರಿಗೆ ತಿಳಿದಿರಲಿಲ್ಲ. ತಮ್ಮೆದುರು ಧೂಪವೆತ್ತಿದಾಗ ಎದ್ದು ನಿಂತು ತಲೆಬಾಗುವುದನ್ನು ಕಲಿತ ಮೇಲೆ, ತಾವು ಕೂಡ ಪವಿತ್ರವೆಂದು ಎಣಿಸಲ್ಪಟ್ಟವರು ಎಂಬ ಅರಿವು ಅವರ ನಿಲುವಿನಲ್ಲಿಯೇ ಕಾಣುತ್ತದೆ. ಸ್ಪೇನಿನ ಸಾಂತಿಯಾಗೊ ದೆ ಕೊಂಪೊಸ್ತೇಲದಲ್ಲಿ ಎಂಟು ಜನ ಹಗ್ಗ ಜಗ್ಗಿ ತೂಗುವ, ಸುಮಾರು 53 ಕಿಲೋ ತೂಕದ ಧೂಪದಾನಿ ಲೋಕಪ್ರಸಿದ್ಧ. ಆದರೆ ಧರ್ಮಕೇಂದ್ರವೊಂದಕ್ಕೆ ಬೇಕಾದದ್ದು ಒಬ್ಬ ಹುಡುಗ ಅಳುಕಿಲ್ಲದೆ ಹಿಡಿಯಬಲ್ಲ ತೂಕವೇ.

ಹೊಗೆಯನ್ನು ತಾಳಲಾರದವರ ಕಷ್ಟವನ್ನು ತಳ್ಳಿಹಾಕಬಾರದು. ಉಬ್ಬಸವಿರುವ ಹಿರಿಯರೊಬ್ಬರು ಎರಡನೆಯ ವಾರವೇ ನನ್ನ ಬಳಿ ಬಂದು ಹೇಳಿಕೊಂಡರು. ಧೂಪ ಯಾವುದೇ ಬಲಿಪೂಜೆಯಲ್ಲಿ ಬಳಸಬಹುದಾದದ್ದು, ಕಡ್ಡಾಯವಾದದ್ದಲ್ಲ. ಆದ್ದರಿಂದ ಭಾನುವಾರದ ಮೊದಲ ಪೂಜೆಯನ್ನು ಧೂಪವಿಲ್ಲದೆ ಉಳಿಸಿಕೊಂಡೆವು. ಸುಗಂಧ ತೈಲ ಬೆರೆಸಿದ ಅಗ್ಗದ ಪುಡಿಯನ್ನು ಬಿಟ್ಟು ಬೊಸ್ವೆಲಿಯಾ ಮರದ ಶುದ್ಧ ಅಂಟನ್ನು ನಾಲ್ಕೈದು ಹರಳಿನಷ್ಟೇ ಹಾಕತೊಡಗಿದ ಮೇಲೆ ಕೆಮ್ಮು ಕಡಿಮೆಯಾಯಿತು.

ಧೂಪದಾನಿ ಎಲ್ಲವನ್ನೂ ಸರಿಪಡಿಸಲಿಲ್ಲ. ಪರಮಪ್ರಸಾದ ಸ್ವೀಕರಿಸಿ ಹಿಂದಿರುಗುವಾಗ ಮಾತಾಡುವವರು ಈಗಲೂ ಇದ್ದಾರೆ, ಫೋನ್ ಈಗಲೂ ಮೊಳಗುತ್ತದೆ. ತಕ್ಕ ಸಮಯಗಳಲ್ಲಿ ಪವಿತ್ರ ಮೌನವನ್ನು ಪಾಲಿಸಬೇಕೆಂದು ಕಥೋಲಿಕ ಧರ್ಮಾಧ್ಯಕ್ಷರ ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿತ್ತು, ಅದಿನ್ನೂ ನಮ್ಮಲ್ಲಿ ಬೇರೂರಿಲ್ಲ.

ಕೊಳ್ಳುವವರಿಗೆ ಇನ್ನೆರಡು ಮಾತು. ಒಳಗಿನ ಬಟ್ಟಲು ಹೊರತೆಗೆಯುವಂತಿರಲಿ, ಇಲ್ಲದಿದ್ದರೆ ಅಂಟಿದ ಕಿಟ್ಟವನ್ನು ಕೆರೆಯುವಷ್ಟರಲ್ಲಿ ಬೆರಳು ಸೋಲುತ್ತದೆ. ಸರಪಳಿಯ ಉದ್ದವನ್ನು ನಿಮ್ಮ ಪೀಠಬಾಲಕರಲ್ಲಿ ಎಲ್ಲರಿಗಿಂತ ಕುಳ್ಳನಾದವನ ಕೈಯಲ್ಲಿ ಹಿಡಿಸಿ ನೋಡಿ. ನಮ್ಮದು ನೆಲಕ್ಕೆ ತಾಗುತ್ತಿತ್ತು, ಕೊನೆಗೆ ಮೂರು ಕೊಂಡಿಗಳನ್ನು ಬಿಚ್ಚಿಸಬೇಕಾಯಿತು.