ಸ್ಕೂಬಾಪ್ರೊ ಎಂಕೆ10 – ಜಿ250 ದೀರ್ಘಕಾಲದ ಬಳಕೆ: ಬಿಡಿಭಾಗಕ್ಕೆ ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಬೇಡ

ಸ್ಕೂಬಾ ಡೈವಿಂಗಿನಲ್ಲಿ ಉಸಿರಾಡಲು ಬಳಸುವ ರೆಗ್ಯುಲೇಟರಿಗೆ ಎರಡು ಭಾಗ: ಸಿಲಿಂಡರಿನ ಒತ್ತಡ ಇಳಿಸುವ ಫಸ್ಟ್ ಸ್ಟೇಜ್, ಬಾಯಿಗೆ ಕಚ್ಚಿಕೊಳ್ಳುವ ಸೆಕೆಂಡ್ ಸ್ಟೇಜ್. ಸ್ಕೂಬಾಪ್ರೊ ಕಂಪನಿಯ ಎಂಕೆ10 ಫಸ್ಟ್ ಸ್ಟೇಜ್ ತಯಾರಿಕೆ ನಿಂತು ಬಹಳ ಕಾಲವಾಯಿತು. ಆದರೂ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಇದಕ್ಕೆ ಇವತ್ತಿಗೂ ಬೇಡಿಕೆ ಇದೆ. ಹಿತ್ತಾಳೆಯ ಬಾಡಿ ಗಟ್ಟಿ, ಒಳಗೆ ಓಡಾಡುವ ಭಾಗ ಪಿಸ್ಟನ್ ಒಂದೇ. ಅದೇ ಕಂಪನಿಯ ಸೆಕೆಂಡ್ ಸ್ಟೇಜ್ ಜಿ250 ಜೊತೆ ಸೇರಿದರೆ ಉಸಿರು ಬಲು ಹಗುರ. ಮನೆಯಲ್ಲೇ ಬಿಚ್ಚಿ ಸರ್ವಿಸ್ ಮಾಡಲು ಇದಕ್ಕಿಂತ ಸಲೀಸಾದ ಜೋಡಿ ಕಡಿಮೆ. ತಲೆನೋವೆಲ್ಲ ಬಿಡಿಭಾಗದ್ದು. ದೊಡ್ಡ ಕಂಪನಿಗಳು ಸರ್ವಿಸ್ ಕಿಟ್ಟನ್ನು ಸಾಮಾನ್ಯವಾಗಿ ಡೀಲರುಗಳಿಗೆ ಮಾತ್ರ ಕೊಡುತ್ತವೆ. ಉಳಿದವರಿಗೆ ಸಿಗುವುದು ಇಬೇಯಲ್ಲಿ ಬರುವ ಸೀಲ್ ಒಡೆಯದ ಹಳೆಯ ಒರಿಜಿನಲ್ ಕಿಟ್, ಅಮೆರಿಕದಿಂದ ತರಿಸುವ ಜೆನೆರಿಕ್ ಕಿಟ್, ಇಲ್ಲವೇ ಬಿಡಿ ಓ-ರಿಂಗ್ (ಗಾಳಿ ಸೋರದಂತೆ ಹಾಕುವ ರಬ್ಬರ್ ಬಳೆ).

ಮೂರನ್ನೂ ಬಳಸಿದ ಮೇಲೆ ಹೇಳುವುದಾದರೆ, ಕಿಟ್ಟಿನಲ್ಲಿ ನಿಜಕ್ಕೂ ಬೆಲೆಬಾಳುವುದು ಎರಡೇ ವಸ್ತು: ಫಸ್ಟ್ ಸ್ಟೇಜಿನ ಹೈ ಪ್ರೆಶರ್ ಸೀಟು ಮತ್ತು ಸೆಕೆಂಡ್ ಸ್ಟೇಜಿನ ಲೋ ಪ್ರೆಶರ್ ಸೀಟು. ಸೀಟು ಅಂದರೆ ಲೋಹದ ಅಂಚು ಒತ್ತಿ ಕೂತು ಗಾಳಿ ನಿಲ್ಲುವ ಬಿಲ್ಲೆ. ಇವೆರಡನ್ನು ಒರಿಜಿನಲ್ಲೇ ಕೊಳ್ಳಿ, ನಾಲ್ಕೈದು ಜೊತೆ ಒಟ್ಟಿಗೆ ತೆಗೆದಿಡಿ. ಉಳಿದವು ಹೆಚ್ಚುಕಡಿಮೆ ಎಲ್ಲವೂ ಎಎಸ್568 ಎಂಬ ಅಮೆರಿಕದ ಮಾನಕ ಅಳತೆಯ ಸಾಮಾನ್ಯ ಓ-ರಿಂಗ್‌ಗಳು. ಪೊಟ್ಟಣದ ಮೇಲೆ ಕಂಪನಿಯ ಹೆಸರಿದೆ ಎಂಬ ಒಂದೇ ಕಾರಣಕ್ಕೆ ಹತ್ತು ಪಟ್ಟು ಬೆಲೆ ಕೊಡಬೇಕಿಲ್ಲ.

ಪದೇ ಪದೇ ಬೇಕಾಗುವ ಓ-ರಿಂಗ್ ನಂಬರುಗಳು ಇವು. ಲೋ ಪ್ರೆಶರ್ ಹೋಸ್ ಫಸ್ಟ್ ಸ್ಟೇಜಿಗೆ ಕೂರುವಲ್ಲಿ 011, ಹೈ ಪ್ರೆಶರ್ ಹೋಸಿಗೆ 012, ಹೋಸು ಸೆಕೆಂಡ್ ಸ್ಟೇಜಿಗೆ ಸೇರುವಲ್ಲಿ 010. ಪ್ರೆಶರ್ ಗೇಜಿನ ತಿರುಗುವ ಕೊಂಡಿಯೊಳಗೆ 003, ಅದೂ ಎರಡು. ಸಿಲಿಂಡರ್ ವಾಲ್ವಿನ ಮುಖಕ್ಕೆ 014. ಮೊದಲು ಕೈಕೊಡುವುದು ಆ ಪುಟ್ಟ 003. ಗೇಜಿನ ಹತ್ತಿರ ಗುಳ್ಳೆ ಸಾಲುಗಟ್ಟಿ ಏಳುತ್ತಿದ್ದರೆ ಹೋಸು ಬದಲಿಸುವ ಮುಂಚೆ ಅದನ್ನು ಬದಲಿಸಿ ನೋಡಿ.

ಬೆಂಗಳೂರಿನ ಸೀಲ್ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ. ಎಡವುವುದು ಅಳತೆಯಲ್ಲಿ. 010 ಅಂದರೆ ಒಳವ್ಯಾಸ 6.07 ಮಿ.ಮೀ., ದಪ್ಪ 1.78 ಮಿ.ಮೀ. ಹಳೆಯ ರಿಂಗ್ ತೋರಿಸಿ "ಇದೇ ಥರದ್ದು ಕೊಡಿ" ಅಂದರೆ ಜಪಾನ್ ಅಳತೆಯ ಪಿ6 ಕೈಗೆ ಬರಬಹುದು. ಅದರ ಒಳವ್ಯಾಸ 5.8, ದಪ್ಪ 1.9. ಕಣ್ಣಿಗೆ ಎರಡೂ ಒಂದೇ. ರಿಂಗ್ ಕೂರುವ ತೋಡಿನಲ್ಲಿ 010 ಅಳ್ಳಾಡದೆ ಕೂರುತ್ತದೆ, ಪಿ6 ತುಂಬಿ ತುಳುಕಿ, ಬಿಗಿಯುವಾಗ ಚಿವುಟಿಹೋಗುತ್ತದೆ. ನಂಬರ್ ಹೇಳಿ ಕೇಳಿ, ವರ್ನಿಯರ್ ಕ್ಯಾಲಿಪರ್ ಕೈಯಲ್ಲಿರಲಿ. ಗಡಸುತನವನ್ನೂ ಹೇಳಿ. ಲೋ ಪ್ರೆಶರ್ ಕಡೆ ಸುಮ್ಮನೆ ಕೂತಿರುವ ಜಾಗಗಳಿಗೆ 70 ಶೋರ್ ನೈಟ್ರೈಲ್ ರಬ್ಬರ್ ಸಾಕು. ಪಿಸ್ಟನ್ ದಂಡದ ಸುತ್ತ ಪೂರ್ತಿ ಸಿಲಿಂಡರ್ ಒತ್ತಡ ತಡೆಯುವ ರಿಂಗಿಗೆ 90 ಶೋರ್ ಬೇಕು. ಮೆತ್ತನೆಯದು ಹಾಕಿದರೆ ಸಂದಿಯೊಳಕ್ಕೆ ಹಿಂಡಿಕೊಂಡು ಅಂಚು ಹರಿಯುತ್ತದೆ, ಬಾಡಿಯ ನೀರು ನುಗ್ಗುವ ತೂತುಗಳಿಂದ ಗಾಳಿ ಸೋರತೊಡಗುತ್ತದೆ.

ಕೆಲಸದ ಸೂಕ್ಷ್ಮವೆಲ್ಲ ಆ ರಿಂಗಿನಲ್ಲೇ ಇದೆ. ಅದು ಬಾಡಿಯ ಒಳತೋಡಿನಲ್ಲಿ ಅಡಗಿ ಕೂತಿರುತ್ತದೆ. ತೆಗೆಯಲು ಹಿತ್ತಾಳೆಯ ಕೊಕ್ಕೆಯೇ ಆಗಬೇಕು. ಉಕ್ಕಿನ ಸೂಜಿ ತಾಗಿ ತೋಡಿಗೆ ಗೀರು ಬಿದ್ದರೆ ಯಾವ ರಿಂಗೂ ಅಲ್ಲಿ ನಿಲ್ಲುವುದಿಲ್ಲ, ಬಾಡಿಯೇ ಹೋದಂತೆ. ಪಿಸ್ಟನ್ ದಂಡ ಟೊಳ್ಳು, ತುದಿ ಚೂಪು. ಸೀಟಿಗೆ ಒತ್ತಿ ಗಾಳಿ ನಿಲ್ಲಿಸುವುದೇ ಆ ಚೂಪು ಅಂಚು. ಜೋಡಿಸುವಾಗ ಅದು ಹೊಸ ರಿಂಗಿನ ಮೂಲಕ ಹಾಯಬೇಕು, ನೇರ ತಳ್ಳಿದರೆ ರಿಂಗನ್ನು ಸೀಳುತ್ತದೆ. ತುದಿಗೆ ಸಿಕ್ಕಿಸುವ ಬುಲೆಟ್ ಆಕಾರದ ಟೋಪಿಯೊಂದು ಮಾರಾಟಕ್ಕಿದೆ. ಅದನ್ನು ಕೊಳ್ಳದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಪಿಸ್ಟನ್ ಅಂಚನ್ನು 10 ಪಟ್ಟು ಭೂತಗನ್ನಡಿಯಲ್ಲಿ ಸುತ್ತಲೂ ತಿರುಗಿಸಿ ನೋಡಿ. ಬೆಳಕು ಒಂದೇ ಗೆರೆಯಾಗಿ ಹರಿಯಬೇಕು. ಎಲ್ಲಿ ಮಿನುಗಿ ತುಂಡಾಗುತ್ತದೋ ಅಲ್ಲಿ ಅಂಚು ಜಜ್ಜಿದೆ. ಅಂಥ ಪಿಸ್ಟನ್ ಎಷ್ಟೇ ಒಳ್ಳೆಯ ಸೀಟು ಕೊಟ್ಟರೂ ಕೆಡಿಸುತ್ತದೆ. ಹಳೆಯ ಸೀಟಿನ ಮೇಲೆ ಪೂರ್ಣ ವೃತ್ತದ ಗುರುತಿದ್ದರೆ ಸಹಜ ಸವೆತ, ಒಂದು ಕಡೆ ಆಳವಾಗಿ ಒತ್ತಿದ್ದರೆ ಏನೋ ಓರೆಯಾಗಿದೆ.

ಜೆನೆರಿಕ್ ಸೀಟುಗಳ ಬಗ್ಗೆ ತಕರಾರು ಇಷ್ಟೇ: ದಪ್ಪದಲ್ಲಿ ಒಂದರಿಂದ ಒಂದಕ್ಕೆ ವ್ಯತ್ಯಾಸ. ಸೀಟಿನ ದಪ್ಪ ಬದಲಾದರೆ ಮಧ್ಯಂತರ ಒತ್ತಡವೂ (ಫಸ್ಟ್ ಸ್ಟೇಜ್ ಹೋಸಿಗೆ ಕೊಡುವ ಒತ್ತಡ) ಬದಲಾಗುತ್ತದೆ, ಆಮೇಲೆ ಸ್ಪ್ರಿಂಗಿನ ಷಿಮ್ (ಬಿಗಿ ಹೊಂದಿಸುವ ತೆಳು ಬಿಲ್ಲೆ) ಜೊತೆ ಗುದ್ದಾಟ. ಆ ಕಿಟ್ಟುಗಳ ಓ-ರಿಂಗಿನಲ್ಲಿ ದೋಷ ಕಂಡಿಲ್ಲ.

ಈ ಮಧ್ಯಂತರ ಒತ್ತಡ ನೋಡಲು ಬಿಸಿಡಿ (ತೇಲಲು ಗಾಳಿ ತುಂಬುವ ಜಾಕೆಟ್) ಹೋಸಿಗೆ ಸಿಕ್ಕಿಸುವ 0–20 ಬಾರ್ ಗೇಜ್ ಬೇಕೇ ಬೇಕು. ಮುಳ್ಳು 9ರಿಂದ 10 ಬಾರ್ ನಡುವೆ ಗಕ್ಕನೆ ನಿಲ್ಲಬೇಕು. ಪರ್ಜ್ (ಸೆಕೆಂಡ್ ಸ್ಟೇಜಿನಿಂದ ಗಾಳಿ ಹೊರಬಿಡುವ ಗುಂಡಿ) ಒತ್ತಿದಾಗ ಇಳಿದು, ಬಿಟ್ಟೊಡನೆ ಅದೇ ಜಾಗಕ್ಕೆ ಮರಳಬೇಕು. ಹೊಸ ಸೀಟು ಪಳಗುವವರೆಗೆ ಮುಳ್ಳು ಸ್ವಲ್ಪ ಮೇಲಕ್ಕೆ ತೆವಳಬಹುದು. ಹತ್ತಿಪ್ಪತ್ತು ಸಲ ಪರ್ಜ್ ಮಾಡಿದ ಮೇಲೂ ಮುಳ್ಳು ನಿಧಾನಕ್ಕೆ ಮೇಲೇರುತ್ತಲೇ ಇದ್ದರೆ ಸೀಟು ಅಥವಾ ಅಂಚು ಕೆಟ್ಟಿದೆ. ಸೆಕೆಂಡ್ ಸ್ಟೇಜ್ ತಾನಾಗಿ ಸೋರತೊಡಗಿದಾಗ ಅದನ್ನೇ ಬಿಚ್ಚುವವರು ಹೆಚ್ಚು. ಎಷ್ಟೋ ಸಲ ಕಾರಣ ಈ ತೆವಳುವಿಕೆ, ಅಂದರೆ ಫಸ್ಟ್ ಸ್ಟೇಜ್.

ಟರೆಟ್ (ಹೋಸುಗಳು ಸೇರುವ ತಿರುಗುವ ತಲೆ) ಹಿಡಿದಿಡುವ ಬೋಲ್ಟಿನ ಬಗ್ಗೆ ಎಚ್ಚರ. ಅದು ಒಳಗೆ ಟೊಳ್ಳು, ಬಲ ಹಾಕಿ ತಿರುವಿದರೆ ತುಂಡಾಗುತ್ತದೆ. ಟಾರ್ಕ್ ವ್ರೆಂಚ್ ಬಳಸಿ. ಬಿಡಿ ಬೋಲ್ಟ್ ಹುಡುಕುವುದು ಸೀಟು ಹುಡುಕುವುದಕ್ಕಿಂತ ಕಷ್ಟ. ಇಂಥ ಲೋಹದ ಭಾಗಗಳಿಗಾಗಿ ಕ್ರೋಮ್ ಕಿತ್ತುಹೋದ ಇನ್ನೊಂದು ಎಂಕೆ10 ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ. ಕೊಳ್ಳುವ ಮುಂಚೆ ಸಿಲಿಂಡರಿನ ಗಾಳಿ ಒಳಬರುವ ಕಡೆಯ ಫಿಲ್ಟರ್ ನೋಡಿ: ಹಸಿರಾಗಿದ್ದರೆ ಉಪ್ಪುನೀರು ಒಳಹೊಕ್ಕಿದೆ, ಕೆಂಪಾಗಿದ್ದರೆ ಉಕ್ಕಿನ ಸಿಲಿಂಡರಿನ ತುಕ್ಕು.

ಗ್ರೀಸಿಗೆ ಮಾಲಿಕೋಟ್ 111 ಎಂಬ ಸಿಲಿಕೋನ್ ಗ್ರೀಸ್ ಸಾಕು, ರಿಂಗ್ ಹೊಳೆಯುವಷ್ಟು ಮಾತ್ರ. ಸಿಲಿಕೋನ್ ಡಯಾಫ್ರಾಮ್, ಎಕ್ಸಾಸ್ಟ್ ವಾಲ್ವಿಗೆ ಅದನ್ನು ಸವರಬೇಡಿ, ಉಬ್ಬುತ್ತವೆ. ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ) ಸಿಲಿಂಡರ್ ತುಂಬಲು ಶುದ್ಧ ಆಮ್ಲಜನಕದ ಜೊತೆ ಒಡನಾಡುವ ಭಾಗಗಳಿಗೆ ಸಿಲಿಕೋನ್ ಗ್ರೀಸ್ ಸಲ್ಲ, ಆಮ್ಲಜನಕಕ್ಕೆ ಹೊಂದುವ ಕ್ರಿಸ್ಟೊ-ಲ್ಯೂಬ್ ಗ್ರೀಸ್ ಬೇಕು. ಲೋಹದ ಭಾಗ ತೊಳೆಯಲು ಬಿಳಿ ವಿನಿಗರ್, ನೀರು ಸಮಸಮ, ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಐದು ನಿಮಿಷ. ರಾತ್ರಿಯಿಡೀ ನೆನೆಹಾಕಿದರೆ ಕ್ರೋಮ್ ಏಳುತ್ತದೆ.

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ದೋಣಿ ಮಳೆಗಾಲದಲ್ಲಿ ನಿಲ್ಲುತ್ತದೆ. ಬಿಚ್ಚುವ ಕೆಲಸ ಆಗಲೇ ಮುಗಿಸಿ, ಯಾಕೆಂದರೆ ಹೊರದೇಶದ ಪಾರ್ಸೆಲ್ ಕಸ್ಟಮ್ಸಿನಲ್ಲಿ ಎಷ್ಟು ದಿನ ಕೂರುತ್ತದೆಂದು ಲೆಕ್ಕ ಸಿಗದು. ಜೋಡಿಸಿದ ಮೇಲೆ ಮೊದಲ ಪರೀಕ್ಷೆ ಬಕೆಟ್ಟಿನಲ್ಲಿ, ಎರಡನೆಯದು ಈಜುಕೊಳದಲ್ಲಿ. ಜಿ250 ಎತ್ತಿಡುವಾಗ ಪಕ್ಕದ ನಾಬ್ ಪೂರ್ತಿ ಹೊರಕ್ಕೆ ತಿರುಗಿಸಿಡಿ. ಸೀಟಿನ ಮೇಲೆ ಒತ್ತಡ ಕಡಿಮೆಯಾಗಿ ಗುಳಿ ಬೀಳುವುದು ತಡವಾಗುತ್ತದೆ. ತೊಳೆಯುವಾಗ ಪರ್ಜ್ ಒತ್ತಬೇಡಿ, ನೀರು ಹೋಸಿನೊಳಕ್ಕೆ ಇಳಿಯುತ್ತದೆ.