ದಲಾಲಿ ಅಂಗಡಿಯ ಲೆಕ್ಕಕ್ಕೆ ವೆಬ್ ಫಾರ್ಮ್ಸ್ ಹೇಗಿದೆ?

ದಾವಣಗೆರೆ ಎಪಿಎಂಸಿ ಯಾರ್ಡ್‌ನ ಒಂದು ದಲಾಲಿ ಅಂಗಡಿಗೆ ಲೆಕ್ಕದ ಪುಟಗಳನ್ನು ಬರೆದುಕೊಡುವುದು ನನ್ನ ಕೆಲಸ. ಮೆಕ್ಕೆಜೋಳದ ಲಾಟು, ತೂಕ, ತೇವಾಂಶ, ಹಮಾಲಿ, ರೈತನಿಗೆ ಕೊಡಬೇಕಾದ ಬಾಕಿ, ಇಷ್ಟೇ. ಇದಕ್ಕೆಲ್ಲ ನಾನು ಬಳಸುವುದು ಎಎಸ್‌ಪಿ ಡಾಟ್ ನೆಟ್ ವೆಬ್ ಫಾರ್ಮ್ಸ್, ಅಂದರೆ ವೆಬ್ ಪುಟ ಕಟ್ಟಲಿಕ್ಕೆ ಮೈಕ್ರೋಸಾಫ್ಟ್ ಕೊಟ್ಟ ಚೌಕಟ್ಟು. 2002ರಲ್ಲಿ ಬಂದ ಸಾಮಾನು. ‘ಇನ್ನೂ ಅದೇನಾ?’ ಅಂತ ಬೆಂಗಳೂರಿನ ಗೆಳೆಯರು ನಗುತ್ತಾರೆ. ನಗಲಿ ಬಿಡಿ. ಅಂಗಡಿಯ ಒಳಗೇ ಓಡುವ, ಒಬ್ಬನೇ ನೋಡಿಕೊಳ್ಳುವ ಪುಟಗಳಿಗೆ ಇಷ್ಟು ಬೇಗ ಕೆಲಸ ಮುಗಿಸುವುದು ನನಗೆ ಬೇರೆ ಸಿಕ್ಕಿಲ್ಲ. ಹೊರಗಿನವರ ಮೊಬೈಲಿಗೆ ಮಾತ್ರ ಇದು ಬೇಡ.

ಇದರ ಜೀವ ಇರುವುದು ಸರ್ವರ್ ಕಂಟ್ರೋಲ್‌ಗಳಲ್ಲಿ, ಅಂದರೆ ಸರ್ವರ್‌ನ ಕೋಡ್ ಆಡಿಸಬಹುದಾದ ಪುಟದ ಭಾಗಗಳಲ್ಲಿ. ಟ್ಯಾಗ್‌ನಲ್ಲಿ ರನ್‌ಅಟ್ ಸರ್ವರ್ ಅಂತ ಬರೆದರೆ ಸಾಕು, ಆ ಟೆಕ್ಸ್ಟ್‌ಬಾಕ್ಸನ್ನೋ ಡ್ರಾಪ್‌ಡೌನನ್ನೋ ಸಿ ಶಾರ್ಪ್ ಕೋಡ್‌ನಲ್ಲಿ ಹೆಸರು ಹಿಡಿದು ಕರೆಯಬಹುದು. ಬ್ರೌಸರ್‌ಗೆ ಹೋಗುವುದು ಬರೀ ಎಚ್‌ಟಿಎಂಎಲ್. ಬಟನ್ ಒತ್ತಿದರೆ ಇಡೀ ಫಾರ್ಮ್ ಸರ್ವರ್‌ಗೆ ವಾಪಸ್ ಹೋಗುತ್ತದೆ. ಅಲ್ಲಿ ಕ್ಲಿಕ್ ಈವೆಂಟ್ ಓಡಿ, ಪುಟ ಹೊಸದಾಗಿ ತಯಾರಾಗಿ ಬರುತ್ತದೆ. ಇದೇ ಪೋಸ್ಟ್‌ಬ್ಯಾಕ್.

ನನಗೆ ಜಾಸ್ತಿ ಇಷ್ಟ ಗ್ರಿಡ್‌ವ್ಯೂ, ಸಾಲು-ಕಾಲಂಗಳ ಪಟ್ಟಿ ತೋರಿಸುವ ಕಂಟ್ರೋಲ್. 2005ರಲ್ಲಿ 2.0 ಆವೃತ್ತಿಯ ಜತೆ ಬಂತು. ಡೇಟಾಬೇಸ್‌ನಿಂದ ಸಾಲು ತಂದುಕೊಡುವ ಒಂದು ಎಸ್‌ಕ್ಯೂಎಲ್ ಡೇಟಾ ಸೋರ್ಸ್ ಕೊಟ್ಟರೆ ದಿನದ ಲಾಟುಗಳ ಪಟ್ಟಿ ತಾನೇ ಹರಡಿಕೊಳ್ಳುತ್ತದೆ. ವಿಂಗಡಣೆ, ಪುಟ ಬದಲಿಸುವುದು, ಅಲ್ಲೇ ತಿದ್ದುವುದು ಎಲ್ಲ ಸಿದ್ಧ. ಸಂಜೆ ಮಂಡಕ್ಕಿ ಮೆಣಸಿನಕಾಯಿ ತರಿಸಿಕೊಂಡು ಕೂತರೆ ಏಳುವಷ್ಟರಲ್ಲಿ ಒಂದು ಪುಟ ಆಗಿರುತ್ತದೆ. ಕಲ್ಚರ್‌ಗೆ, ಅಂದರೆ ಭಾಷೆ-ದೇಶದ ಆಯ್ಕೆಗೆ, ಕನ್ನಡ-ಭಾರತದ ಸೆಟ್ಟಿಂಗ್ ಕೊಟ್ಟರೆ ಮೊತ್ತ 1,23,456 ಅಂತ ನಮ್ಮ ಲಕ್ಷದ ಲೆಕ್ಕದಲ್ಲೇ ಬರುತ್ತದೆ. ಸಾಹುಕಾರರಿಗೆ ಇದೊಂದೇ ಸಾಕಾಯಿತು! ಡೇಟಾಬೇಸ್‌ನಲ್ಲಿ ರೈತರ ಹೆಸರಿನ ಕಾಲಂ ಮಾತ್ರ ಎನ್‌ವಾರ್‌ಚಾರ್, ಅಂದರೆ ಎಲ್ಲ ಭಾಷೆಯ ಅಕ್ಷರ ಹಿಡಿಯುವ ಬಗೆ, ಇರಲಿ. ಬರೀ ವಾರ್‌ಚಾರ್ ಆದರೆ ಕನ್ನಡ ಅಕ್ಷರದ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳ ಸಾಲು ಕಾಣುತ್ತದೆ. ಇನ್ನೊಂದು ವಿಷಯ. ಈ ಡೇಟಾ ಸೋರ್ಸ್ ಒಂದು ಪುಟ ತೋರಿಸಲಿಕ್ಕೂ ಎಲ್ಲ ಸಾಲುಗಳನ್ನೂ ಡೇಟಾಬೇಸ್‌ನಿಂದ ಎಳೆದು ತರುತ್ತದೆ. ದಿನದ ಪಟ್ಟಿಗೆ ತೊಂದರೆ ಇಲ್ಲ. ಸುಗ್ಗಿಯ ಪೂರಾ ಲೆಕ್ಕಕ್ಕೆ ಆಬ್ಜೆಕ್ಟ್ ಡೇಟಾ ಸೋರ್ಸ್ ಹಿಡಿದು, ಬೇಕಾದಷ್ಟೇ ಸಾಲು ತರುವ ಕೋಡ್ ನೀವೇ ಬರೆಯಬೇಕು.

ತೇವಾಂಶದ ಖಾನೆಗೆ, ಅಂಕಿ ಮಿತಿಯೊಳಗಿದೆಯೇ ಅಂತ ನೋಡುವ ರೇಂಜ್ ವ್ಯಾಲಿಡೇಟರ್ ಹಾಕಿದ್ದೇನೆ. ಗುಮಾಸ್ತ 14ರ ಬದಲು 140 ಒತ್ತಿದರೆ ಅಲ್ಲೇ ಕೆಂಪಗೆ ಬೈಯುತ್ತದೆ. ಇದು ಬ್ರೌಸರ್‌ನಲ್ಲೂ ನೋಡುತ್ತದೆ, ಸರ್ವರ್‌ನಲ್ಲೂ ನೋಡುತ್ತದೆ. ಆದರೆ ಉಳಿಸುವ ಮೊದಲು ಪೇಜ್ ಡಾಟ್ ಈಸ್‌ವ್ಯಾಲಿಡ್ ಅಂತ ಕೋಡ್‌ನಲ್ಲಿ ಕೇಳಲೇಬೇಕು.

ತಾಲೂಕು ಆರಿಸಿದರೆ ಹಳ್ಳಿಗಳು ಬರಬೇಕು ಅಲ್ವಾ? ಡ್ರಾಪ್‌ಡೌನ್‌ಗೆ ಆಟೋ ಪೋಸ್ಟ್‌ಬ್ಯಾಕ್ ಕೊಟ್ಟರೆ ಮುಗಿಯಿತು. ತಾಲೂಕುಗಳ ಹೆಸರನ್ನು ಪುಟದಲ್ಲೇ ಬರೆದಿಡಬೇಡಿ, ಟೇಬಲ್‌ನಿಂದ ತನ್ನಿ. ಹರಪನಹಳ್ಳಿ ನಮ್ಮ ಜಿಲ್ಲೆಯಲ್ಲಿತ್ತು, ಬಳ್ಳಾರಿಗೆ ಹೋಯಿತು, ಈಗ ವಿಜಯನಗರದಲ್ಲಿದೆ. ಅಲ್ಲಿನ ಜೋಳ ಮಾತ್ರ ನಮ್ಮ ಅಂಗಡಿಗೆ ಈಗಲೂ ಬರುತ್ತದೆ.

ಇನ್ನು ಇದರ ಬೆಲೆ ಏನು ಅಂತ ನೋಡೋಣ. ದುಡ್ಡಿನ ಬೆಲೆ ಕಡಿಮೆ. ಕೋಡ್ ಬರೆಯುವ ವಿಷುಯಲ್ ಸ್ಟುಡಿಯೋದ ಕಮ್ಯೂನಿಟಿ ಆವೃತ್ತಿ ನನ್ನಂಥ ಒಬ್ಬಂಟಿಗೆ ಪುಕ್ಕಟೆ, ಡೇಟಾಬೇಸ್‌ಗೆ ಬೇಕಾದ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಕೂಡ. ವಿಂಡೋಸ್ ಯಂತ್ರವೇ ಬೇಕು, ಅಷ್ಟೆ. ಭಾರ ಇರುವುದು ವ್ಯೂಸ್ಟೇಟ್‌ನಲ್ಲಿ. ಪುಟ ಕಳಿಸಿದ ಮೇಲೆ ಸರ್ವರ್‌ಗೆ ಅದರ ನೆನಪೇ ಇರುವುದಿಲ್ಲ. ಅದಕ್ಕೆ ಕಂಟ್ರೋಲ್‌ಗಳ ಸ್ಥಿತಿಯನ್ನೆಲ್ಲ ಕಣ್ಣಿಗೆ ಕಾಣದ ಒಂದು ಫೀಲ್ಡ್‌ಗೆ ತುಂಬಿ ಪುಟದ ಜತೆಗೇ ಕಳಿಸುತ್ತದೆ. ಸಾಹುಕಾರ ಖಾತೆ ಪುಸ್ತಕ ಇಡದೆ ರೈತನ ಜೇಬಿಗೇ ಚೀಟಿ ತುರುಕಿ, ‘ಮತ್ತೆ ಬರುವಾಗ ತಗಂಡ್ ಬಾ’ ಅಂದ ಹಾಗೆ. ದೊಡ್ಡ ಗ್ರಿಡ್ ಇದ್ದರೆ ಈ ಚೀಟಿಯೂ ದೊಡ್ಡದು, ಪ್ರತಿ ಕ್ಲಿಕ್‌ಗೂ ಹೋಗಿ ಬರುತ್ತದೆ. ಅಂಗಡಿಯ ಕೇಬಲ್ ಮೇಲೆ ಗೊತ್ತಾಗುವುದಿಲ್ಲ. ಜಗಳೂರು ಕಡೆಯ ಹೊಲದಲ್ಲಿ ನಿಂತು ಮೊಬೈಲಿನಲ್ಲಿ ದರ ನೋಡುವವನಿಗೆ ಗೊತ್ತಾಗುತ್ತದೆ.

ಪುಟದ ಒಂದು ಭಾಗವನ್ನಷ್ಟೇ ಬದಲಿಸುವ ಅಪ್‌ಡೇಟ್ ಪ್ಯಾನಲ್ ಹಾಕಿದರೆ ಪರದೆ ಮಿಣುಕುವುದು ನಿಲ್ಲುತ್ತದೆ, ಚೀಟಿಯ ಓಡಾಟ ನಿಲ್ಲುವುದಿಲ್ಲ. ಸುಮ್ನೆ ತೋರಿಸಲಿಕ್ಕಿರುವ ಗ್ರಿಡ್‌ಗೆ ವ್ಯೂಸ್ಟೇಟ್ ಆಫ್ ಮಾಡಿಬಿಡಿ. ಯಾವ ಪುಟದಲ್ಲಿದ್ದೀರಿ ಅನ್ನುವುದು ಕಂಟ್ರೋಲ್ ಸ್ಟೇಟ್‌ನಲ್ಲಿ ಬೇರೆಯೇ ಇರುವುದರಿಂದ ಪೇಜಿಂಗ್ ಕೆಡುವುದಿಲ್ಲ.

ಹೊಸದಾಗಿ ಕಲಿಯುವ ಹುಡುಗರು ಇದರಿಂದ ಶುರು ಮಾಡಬೇಕೇ? ನಾನಂತೂ ಬೇಡ ಅನ್ನುತ್ತೇನೆ. 2016ರಲ್ಲಿ ಬಂದ ಹೊಸ ಪೀಳಿಗೆಯ ಎಎಸ್‌ಪಿ ಡಾಟ್ ನೆಟ್ ಕೋರ್‌ಗೆ ವೆಬ್ ಫಾರ್ಮ್ಸನ್ನು ತರಲೇ ಇಲ್ಲ. ವೆಬ್ ಫಾರ್ಮ್ಸ್ ಓಡುವ ಹಳೆಯ ಡಾಟ್ ನೆಟ್ ಫ್ರೇಮ್‌ವರ್ಕ್ 4.8 ವಿಂಡೋಸ್ ಜತೆ ಇರುವುದರಿಂದ ನಮ್ಮ ಪುಟಗಳು ನಾಳೆಯೇ ನಿಲ್ಲುವುದಿಲ್ಲ, ನಿಜ. ಹಾಗಾಗಿ ಲಾಟು, ಬಾಕಿಯ ಪುಟಗಳನ್ನು ನಾನು ಮುಟ್ಟುತ್ತಿಲ್ಲ. ರೈತರು ನೋಡುವ ದರದ ಪುಟವನ್ನು ಮಾತ್ರ ಕೋರ್‌ನ ರೇಜರ್ ಪೇಜಸ್‌ನಲ್ಲಿ ಬೇರೆ ಬರೆಯುತ್ತಿದ್ದೇನೆ. ಡೇಟಾಬೇಸ್ ಎರಡಕ್ಕೂ ಒಂದೇ.