ಹೋಂಸ್ಟೇ ತಾಣಕ್ಕೊಂದು, ಕಾಫಿಪುಡಿ ತಾಣಕ್ಕೊಂದು: ಯಾವ ಸರ್ಟಿಫಿಕೇಟ್ ಎಲ್ಲಿಗೆ ಹೊಂದುತ್ತದೆ?

ಕಳೆದ ಆಷಾಢದ ಒಂದು ಶನಿವಾರ ಬೆಳಿಗ್ಗೆ ಆಲ್ದೂರು ಕಡೆಯ ಹೋಂಸ್ಟೇ ಮಾಲೀಕರೊಬ್ಬರು ಫೋನ್ ಮಾಡಿದರು. ಬೆಂಗಳೂರಿನಿಂದ ಹೊರಟಿದ್ದ ಅತಿಥಿಗಳಿಗೆ ಅವರ ಜಾಲತಾಣ ತೆರೆಯುತ್ತಿರಲಿಲ್ಲ. ತೆರೆಯಲು ಹೋದರೆ ಕೆಂಪು ತ್ರಿಕೋನ, ಅದರ ಕೆಳಗೆ ‘ನಿಮ್ಮ ಸಂಪರ್ಕವು ಖಾಸಗಿಯಾಗಿಲ್ಲ’ ಎಂಬ ಎಚ್ಚರಿಕೆ. ಹಣ ಕೊಟ್ಟು ಕೊಂಡಿದ್ದ ಭದ್ರತಾ ಪ್ರಮಾಣಪತ್ರದ, ಅಂದರೆ ಸರ್ಟಿಫಿಕೇಟಿನ, ಅವಧಿ ಹಿಂದಿನ ರಾತ್ರಿ ಮುಗಿದಿತ್ತು. ನವೀಕರಿಸಿ ಎಂದು ಬಂದ ಪತ್ರಗಳೆಲ್ಲ, ತಾಣ ಕಟ್ಟಿಕೊಟ್ಟು ಊರು ಬಿಟ್ಟ ಹುಡುಗನ ಹಳೆಯ ಇಮೇಲ್‌ಗೆ ಹೋಗಿ ಬಿದ್ದಿದ್ದವು. ಮಳೆಗಾಲದಲ್ಲಿ ವಾರಾಂತ್ಯದ ಅತಿಥಿಗಳೇ ಅವರ ಆದಾಯ. ಆ ದಿನದ ಎರಡು ಬುಕಿಂಗ್ ಕೈತಪ್ಪಿದ್ದು ನನಗೆ ಇಂದಿಗೂ ನೋವಿನ ವಿಷಯ.

ಚಿಕ್ಕಮಗಳೂರಿನ ಸಣ್ಣ ವ್ಯಾಪಾರಗಳ ಕೆಲವು ತಾಣಗಳನ್ನು ನೋಡಿಕೊಳ್ಳುವವನು ನಾನು. ಆ ಘಟನೆಯ ನಂತರ ಸರ್ಟಿಫಿಕೇಟ್ ಪಡೆಯುವ ಮೂರು ದಾರಿಗಳನ್ನೂ ನಾನೇ ಮಾಡಿ ನೋಡಿದೆ.

ಮೊದಲು ಕೊಂಡುಕೊಳ್ಳುವ ದಾರಿ. ಸರ್ವರ್‌ನಲ್ಲಿ ಕೀಲಿ ತಯಾರಿಸಬೇಕು, ಕೋರಿಕೆಯ ಕಡತ ಕಳಿಸಬೇಕು, ಡೊಮೇನ್ (ತಾಣದ ಹೆಸರು) ನಮ್ಮದೆಂದು ತೋರಿಸಬೇಕು, ಬಂದ ಕಡತಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಬೇಕು. ನಮ್ಮ ಸರ್ಟಿಫಿಕೇಟನ್ನು ಕೊಟ್ಟ ಸಂಸ್ಥೆಯೊಂದಿಗೆ ಬೆಸೆಯುವ ಮಧ್ಯದ ಸರಪಳಿ ಕಡತವನ್ನು ನಾನೊಮ್ಮೆ ಬಿಟ್ಟಿದ್ದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಸರಿ, ಮಾಲೀಕರ ಮೊಬೈಲ್‌ನಲ್ಲಿ ಮಾತ್ರ ಎಚ್ಚರಿಕೆ. ಇಷ್ಟು ಮಾಡಿದರೂ, ಡೊಮೇನ್ ಒಡೆತನವನ್ನಷ್ಟೇ ಪರಿಶೀಲಿಸಿ ಕೊಡುವ ಇಂಥ ಸರ್ಟಿಫಿಕೇಟ್ ಉಚಿತವಾದದ್ದಕ್ಕಿಂತ ಹೆಚ್ಚಿನ ಗೂಢಲಿಪೀಕರಣವನ್ನೇನೂ (ಕಳಿಸಿದ್ದನ್ನು ಬೇರೆಯವರು ಓದದಂತೆ ಮಾಡುವುದು) ಕೊಡುವುದಿಲ್ಲ. ಮೇಲಾಗಿ ಅವಧಿಯೇ ಕುಗ್ಗುತ್ತಿದೆ. 2020ರಿಂದ ಗರಿಷ್ಠ 398 ದಿನವಿತ್ತು. 2026ರ ಮಾರ್ಚ್ 15ರಿಂದ 200, 2027ರ ಮಾರ್ಚ್‌ನಿಂದ 100, 2029ರ ಮಾರ್ಚ್‌ನಿಂದ 47 ದಿನ. ವರ್ಷಕ್ಕೊಮ್ಮೆ ಮಾಡುವ ಕೆಲಸವನ್ನೇ ಮರೆತವರು ಒಂದೂವರೆ ತಿಂಗಳಿಗೊಮ್ಮೆ ಕೈಯಾರೆ ಮಾಡುತ್ತಾರೆಂದು ನಾನು ನಂಬುವುದಿಲ್ಲ.

ಎರಡನೆಯದು ಸರ್ಟಿಫಿಕೇಟ್ ಕೊಡುವ ಸಂಸ್ಥೆಯಾದ ಲೆಟ್ಸ್ ಎನ್‌ಕ್ರಿಪ್ಟ್. 2015ರ ಡಿಸೆಂಬರ್‌ನಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ. ಸಾಮಾನ್ಯ ಅವಧಿ 90 ದಿನ. ಪೇಟೆಯ ಕಾಫಿಪುಡಿ ಅಂಗಡಿಯ ತಾಣ ಮುಂಬೈ ವಲಯದ ಒಂದು ಕ್ಲೌಡ್ ಸರ್ವರ್‌ನಲ್ಲಿದೆ, ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದ ಮೇಲೆ ನಡೆಯುತ್ತದೆ. ಅಲ್ಲಿ ಸರ್ಟಿಫಿಕೇಟ್ ತಂದು ನವೀಕರಿಸುವ ಸರ್ಟ್‌ಬಾಟ್ ತಂತ್ರಾಂಶ ಹಾಕಿದೆ. ಮೊದಲ ಪ್ರಯತ್ನವೇ ಸೋತಿತು. ಲೆಟ್ಸ್ ಎನ್‌ಕ್ರಿಪ್ಟ್‌ನ ಸರ್ವರ್ ನಮ್ಮ ತಾಣದ ಗೊತ್ತಾದ ಜಾಗದಲ್ಲಿ ಇಟ್ಟ ಸಣ್ಣ ಕಡತವನ್ನು 80ನೇ ಪೋರ್ಟ್ (ಸಾಮಾನ್ಯ ಸಂಪರ್ಕದ ಬಾಗಿಲು) ಮೂಲಕ ಬಂದು ಓದುತ್ತದೆ; ನಾನು ಕ್ಲೌಡ್ ಫೈರ್‌ವಾಲ್‌ನಲ್ಲಿ 443 (ಸುರಕ್ಷಿತ ಸಂಪರ್ಕದ ಬಾಗಿಲು) ಮಾತ್ರ ತೆರೆದಿದ್ದೆ. ಸುರಕ್ಷಿತ ತಾಣಕ್ಕೆ 80 ಏಕೆ ಎಂದು ಮುಚ್ಚುವವರು ಬಹಳ. ದಯವಿಟ್ಟು ತೆರೆದಿಡಿ, ಬಂದವರನ್ನು ಅಲ್ಲಿಂದ 443ಕ್ಕೆ ಕಳಿಸಿದರಾಯಿತು. ಕೋಪದಲ್ಲಿ ಮತ್ತೆ ಮತ್ತೆ ಆದೇಶ ಕೊಡಲೂ ಹೋಗಬೇಡಿ. ಒಂದು ಹೆಸರಿಗೆ ಗಂಟೆಗೆ ಐದು ಸಲ ಪರಿಶೀಲನೆ ಸೋತರೆ ಕಾಯಬೇಕಾಗುತ್ತದೆ. ಪರೀಕ್ಷೆಗೆಂದೇ ಪ್ರತ್ಯೇಕ ಸ್ಟೇಜಿಂಗ್ ಸರ್ವರ್ ಇದೆ. ಸರ್ಟ್‌ಬಾಟ್‌ನ ನವೀಕರಣ ಆದೇಶಕ್ಕೆ ‘ಡ್ರೈ ರನ್’ ಸೇರಿಸಿದರೆ ಅದು ಅಲ್ಲಿಗೇ ಹೋಗುತ್ತದೆ. ಪೋರ್ಟ್ ತೆರೆದ ಮೇಲೆ ಎರಡು ನಿಮಿಷದೊಳಗೆ ಬೀಗದ ಗುರುತು ಬಂತು.

ಆದರೆ ಈ ದಾರಿಯಲ್ಲಿ ಸರ್ವರ್‌ನ ಹೊಣೆ ನಮ್ಮದೇ. ನವೀಕರಣದ ಟೈಮರ್ ದಿನಕ್ಕೆ ಎರಡು ಸಲ ತಾನೇ ಓಡಿ ನೋಡುತ್ತದೆ, ನಿಜ. ಅದು ನಿಂತರೆ ಹೇಳುವವರಿಲ್ಲ. ಅವಧಿ ಮುಗಿಯುವ ಮುನ್ನ ಬರುತ್ತಿದ್ದ ಎಚ್ಚರಿಕೆಯ ಇಮೇಲ್‌ಗಳನ್ನೂ ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲಿ ನಿಲ್ಲಿಸಿದೆ. ನಾನು ದಿನಾಂಕವನ್ನು ಪರೀಕ್ಷಿಸಿ ಮೊಬೈಲ್‌ಗೆ ಸಂದೇಶ ಕಳಿಸುವ ಪುಟ್ಟ ಸ್ಕ್ರಿಪ್ಟ್ ಒಂದನ್ನು ಬೇರೆ ಯಂತ್ರದಲ್ಲಿ ಇಟ್ಟಿದ್ದೇನೆ.

ಮೂರನೆಯದು ಅಮೆಜಾನ್ ಕ್ಲೌಡ್‌ನದೇ ಸರ್ಟಿಫಿಕೇಟ್ ಮ್ಯಾನೇಜರ್. ಹೋಂಸ್ಟೇ ತಾಣವೆಂದರೆ ಚಿತ್ರಗಳು, ದರಪಟ್ಟಿ, ಮುಂಗಡ ಪಾವತಿಗೊಂದು ಕೊಂಡಿ, ಅಷ್ಟೆ. ಅದನ್ನು ಅಮೆಜಾನ್‌ನ ಕಡತ ಸಂಗ್ರಹವಾದ ಎಸ್3ಗೆ ಸಾಗಿಸಿ, ಅದರ ಮುಂದೆ ಪುಟಗಳನ್ನು ನೋಡುವವರಿಗೆ ತಲುಪಿಸುವ ಕ್ಲೌಡ್‌ಫ್ರಂಟ್ ಸೇವೆ ಇಟ್ಟೆ. ಇಲ್ಲಿ ಒಂದು ವಿಷಯ ಗಮನಿಸಿ: ಕ್ಲೌಡ್‌ಫ್ರಂಟ್‌ಗೆ ಬೇಕಾದ ಸರ್ಟಿಫಿಕೇಟನ್ನು ಉತ್ತರ ವರ್ಜೀನಿಯಾ ವಲಯದಲ್ಲೇ ಪಡೆಯಬೇಕು. ನಾನು ಅಭ್ಯಾಸಬಲದಿಂದ ಮುಂಬೈಯಲ್ಲಿ ಪಡೆದು, ಪಟ್ಟಿಯಲ್ಲಿ ಅದು ಕಾಣದೆ ಅರ್ಧ ಗಂಟೆ ಹುಡುಕಿದೆ. ಅಡಿಗೆರೆಯಿಂದ ಶುರುವಾಗುವ ಉದ್ದನೆಯ ಸಿನೇಮ್ ದಾಖಲೆಯೊಂದನ್ನು (ಒಂದು ಹೆಸರನ್ನು ಇನ್ನೊಂದರ ಕಡೆಗೆ ತೋರಿಸುವ ದಾಖಲೆ) ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್ ಹೆಸರುಗಳ ವಿಳಾಸಪಟ್ಟಿಯಲ್ಲಿ, ಸೇರಿಸಿದರೆ ಪರಿಶೀಲನೆ ಮುಗಿಯುತ್ತದೆ. ಆ ದಾಖಲೆ ಅಲ್ಲೇ ಉಳಿದು ಸರ್ಟಿಫಿಕೇಟ್ ಬಳಕೆಯಲ್ಲಿರುವವರೆಗೆ ನವೀಕರಣ ತಾನಾಗಿಯೇ ಆಗುತ್ತದೆ. ಸರ್ವರ್ ಇಲ್ಲ, ಟೈಮರ್ ಇಲ್ಲ.

ಮಿತಿಯೂ ಇದೆ. ಉಚಿತ ಸರ್ಟಿಫಿಕೇಟಿನ ಖಾಸಗಿ ಕೀಲಿ ಅಮೆಜಾನ್‌ನಲ್ಲೇ ಇರುತ್ತದೆ; ನಮ್ಮ ಎಂಜಿನ್‌ಎಕ್ಸ್‌ಗೆ ತಂದು ಹಾಕಲು ಬರುವುದಿಲ್ಲ. ಹೊರತೆಗೆಯಬಹುದಾದ ಬಗೆಗೆ ಬೆಲೆ ಕೊಡಬೇಕು. ಕಾಫಿಪುಡಿ ಅಂಗಡಿಗೆ ಇದನ್ನೇ ಬಳಸಲು ಸರ್ವರ್ ಮುಂದೆ ಬಂದ ಸಂಪರ್ಕಗಳನ್ನು ಸ್ವೀಕರಿಸಿ ಒಳಗೆ ಕಳಿಸುವ ಲೋಡ್ ಬ್ಯಾಲೆನ್ಸರ್ ಇಡಬಹುದು, ಆದರೆ ಅದಕ್ಕೆ ಗಂಟೆಯ ಲೆಕ್ಕದಲ್ಲಿ ಶುಲ್ಕ. ತಿಂಗಳಿಗೆ ಕೆಲವೇ ಆರ್ಡರ್ ಬರುವ ಅಂಗಡಿಗೆ ಆ ಖರ್ಚು ಹೊರಿಸಲು ನನಗೆ ಮನಸ್ಸಾಗಲಿಲ್ಲ.

ಹಾಗಾಗಿ ಅಂಗಡಿಗೆ ಸರ್ಟ್‌ಬಾಟ್, ಹೋಂಸ್ಟೇಗೆ ಸರ್ಟಿಫಿಕೇಟ್ ಮ್ಯಾನೇಜರ್. ಕೊಂಡುಕೊಳ್ಳುವ ದಾರಿಯನ್ನು ಯಾರಿಗೂ ಹೇಳುತ್ತಿಲ್ಲ. ಡೊಮೇನ್ ಹೆಸರಿನ ಶುಲ್ಕ ಮಾತ್ರ ವರ್ಷವರ್ಷವೂ ಕಟ್ಟಲೇಬೇಕು. ಅದು ತಪ್ಪಿದರೆ ಸಿನೇಮ್ ದಾಖಲೆಯೂ ಹೋಗುತ್ತದೆ, ಸರ್ಟಿಫಿಕೇಟೂ ಹೋಗುತ್ತದೆ. ಆದ್ದರಿಂದ ಆ ಖಾತೆಯಿಂದ ಹುಡುಗನ ಇಮೇಲ್ ತೆಗೆಸಿ ಮಾಲೀಕರದನ್ನು ಸೇರಿಸಿದೆ. ದಿನಾಂಕವನ್ನು ಅವರು ಕಾಫಿ ಕೊಯ್ಲಿನ ಕೂಲಿ ಲೆಕ್ಕ ಬರೆಯುವ ಪುಸ್ತಕದ ಮೊದಲ ಪುಟದಲ್ಲಿ ತಮ್ಮ ಕೈಯಾರೆ ಬರೆದುಕೊಂಡರು.